ಐದು ದಿನದ ಲೆಕ್ಕ

ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್, ಅಂತ ಗೊತ್ತಾದಾಗ ಹಬ್ಬಕ್ಕೆ ಇನ್ನು ಎರಡೂವರೆ ವಾರ ಇತ್ತು. ಅದಕ್ಕೂ ಮುಂಚೆ ಎರಡು ವಾರ ಸುಸ್ತು, ಹಲ್ಲುಜ್ಜಿದರೆ ವಸಡಿನಲ್ಲಿ ರಕ್ತ, ಮೊಣಕಾಲಿನ ಕೆಳಗೆ ಸೂಜಿಯಲ್ಲಿ ಚುಚ್ಚಿದ ಹಾಗೆ ಕೆಂಪು ಚುಕ್ಕಿ. ಹಬ್ಬದ ಓಡಾಟದ ದಣಿವು ಅಂದುಕೊಂಡಿದ್ದೆ. ರಕ್ತ ಕೊಟ್ಟು ಬಂದ ದಿನ ಸಂಜೆಯೇ ಫೋನ್ ಬಂತು. ಮೂರನೇ ದಿನಕ್ಕೆ ಕೀಮೋ ಶುರು. ನನ್ನದು ಎಎಂಎಲ್, ತುಂಬಾ ಬೇಗ ಬೆಳೆಯುವ ಜಾತಿ. ‘ಹಬ್ಬ ಮುಗಿಸಿಕೊಂಡು ಬರ್ಲಾ?’ ಅಂತ ಕೇಳಿದೆ. ಡಾಕ್ಟರ್ ಬೈಯಲಿಲ್ಲ, ಸುಮ್ನೆ ತಲೆ ಅಲ್ಲಾಡಿಸಿದರು.

7 ದಿನ ಹಗಲು ರಾತ್ರಿ ಸೈಟರಾಬಿನ್ ಡ್ರಿಪ್. ಅದರಲ್ಲಿ ಮೊದಲ 3 ದಿನ ಜೊತೆಗೆ ಡೌನೋರುಬಿಸಿನ್. ಈ ಎರಡನೆಯದು ಕೆಂಪು ಬಣ್ಣದ ಔಷಧ, ಮೂತ್ರವೂ ಕೆಂಪಾಗುತ್ತೆ. ಮೊದಲೇ ಹೇಳಿದ್ದರು. ಆದರೂ ಅವತ್ತು ಬಾತ್‌ರೂಮಿನಲ್ಲಿ ಗೋಡೆ ಹಿಡಿದುಕೊಂಡು ನಿಂತುಬಿಟ್ಟೆ.

ಕಷ್ಟ ಇರೋದು ಡ್ರಿಪ್ ನಿಂತ ಮೇಲೆ. ಕೆಟ್ಟ ಕಣಗಳ ಜೊತೆ ಒಳ್ಳೆಯವನ್ನೂ ಔಷಧ ಗುಡಿಸಿ ಹಾಕಿರುತ್ತೆ. ಬಿಳಿಕಣ ಇಲ್ಲ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಇಲ್ಲ. ಮತ್ತೆ ಹುಟ್ಟುವ ತನಕ ಎರಡು ಮೂರು ವಾರ ಕಾಯಬೇಕು. ಕೋಣೆಯೊಳಗೆ ಹೂವು ತರಬಾರದು, ನೆಗಡಿ ಇದ್ದವರು ಬರಬಾರದು. ಜ್ವರ 38 ಡಿಗ್ರಿ ದಾಟಿದರೆ ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ಏರಿಸಬೇಕು. ಬಾಯಿ ತುಂಬಾ ಹುಣ್ಣು, ಎಂಜಲು ನುಂಗಲೂ ಯೋಚಿಸಬೇಕು. ಹಬ್ಬ ಬಂದಿದ್ದು ಸರಿಯಾಗಿ ಆ ಹೊತ್ತಿಗೆ, ಕೀಮೋದ 15ನೇ ದಿನ.

ಅಕ್ಕ ಒಂದು ನೋಟ್‌ಬುಕ್ ಕೊಟ್ಟು ಹೋಗಿದ್ದಳು. ‘ದಿನಾ ಮೂರು ಒಳ್ಳೆ ವಿಷಯ ಬರಿ ಕಣೋ, ಮನಸ್ಸು ಹಗುರ ಆಗುತ್ತೆ.’ ಮೊದಲ ವಾರ ಬರೆದೆ. ‘ಇವತ್ತು ಬೆಳಕು ಚೆನ್ನಾಗಿತ್ತು.’ ‘ಜೀವ ದೊಡ್ಡದು.’ ಎಲ್ಲಾ ಸುಳ್ಳು. ಬೆಳಕು ಕಣ್ಣಿಗೆ ಚುಚ್ಚುತ್ತಿತ್ತು. ಹಾಳೆ ಹರಿದು ವಾಂತಿಯ ಬಟ್ಟಲಿನ ಕೆಳಗೆ ಹಾಸಿದೆ. ಪಾಸಿಟಿವ್ ಆಗಿರು ಅಂತ ಫೋನ್ ಮಾಡಿದವರ ಮೇಲೂ ಸಿಟ್ಟು. ಅವರು ಒಳ್ಳೆಯವರೇ, ಆದರೆ ಅವರ ಬಾಯಲ್ಲಿ ಹುಣ್ಣಿರಲಿಲ್ಲ, ಅಲ್ವಾ?

ಹಬ್ಬದ ದಿನ ಬೆಳಿಗ್ಗೆ ಪ್ಲೇಟ್‌ಲೆಟ್ 8,000ಕ್ಕೆ ಇಳಿದಿತ್ತು. ಆರೋಗ್ಯವಾಗಿರುವವರಲ್ಲಿ ಒಂದೂವರೆ ಲಕ್ಷದ ಮೇಲಿರುತ್ತೆ. 10,000ದ ಕೆಳಗೆ ಹೋದರೆ ರಕ್ತಸ್ರಾವ ಇಲ್ಲದಿದ್ದರೂ ಹೊರಗಿನಿಂದ ಕೊಡುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಒಂದು ಚೀಲ ಬಂತು. ಮನೆಯವರೆಲ್ಲ ವಿಡಿಯೊ ಕಾಲ್‌ನಲ್ಲಿ ಮಾತಾಡಿ ಇಟ್ಟಿದ್ದರಷ್ಟೇ. ಇಟ್ಟ ಮೇಲಿನ ನಿಶ್ಶಬ್ದ ಇದೆಯಲ್ಲ, ಅದನ್ನು ತಡೆಯೋಕಾಗದೆ ಚೀಲದ ಮೇಲಿನ ಲೇಬಲ್ ಓದತೊಡಗಿದೆ. ಹೊಂಬಣ್ಣದ, ಸ್ವಲ್ಪ ಮಬ್ಬಾದ ದ್ರವ. ಗುಂಪು, ನಂಬರು, ತೆಗೆದ ದಿನಾಂಕ, ಮುಗಿಯುವ ದಿನಾಂಕ. ತೆಗೆದಿದ್ದು ಹಬ್ಬಕ್ಕೆ ಮೂರು ದಿನ ಮುಂಚೆ.

‘ಇಷ್ಟು ಬೇಗ ಮುಗಿಯುತ್ತಾ?’ ಅಂತ ನರ್ಸ್‌ನ ಕೇಳಿದೆ. ಆಕೆ ಚೀಲ ನೇತುಹಾಕುತ್ತಾ ಹೇಳಿದರು. ಕೆಂಪುಕಣ ಫ್ರಿಜ್‌ನಲ್ಲಿ ಐದಾರು ವಾರ ಇರುತ್ತೆ. ಪ್ಲೇಟ್‌ಲೆಟ್ ಹಾಗಲ್ಲ. 20ರಿಂದ 24 ಡಿಗ್ರಿಯಲ್ಲಿ, ಸದಾ ಅಲ್ಲಾಡುತ್ತಿರುವ ತಟ್ಟೆಯ ಮೇಲೆ ಇಡಬೇಕು. ಅಷ್ಟಾದರೂ ಸಾಮಾನ್ಯವಾಗಿ 5 ದಿನ, ಅಷ್ಟೇ. ಕೂಡಿಡೋಕಾಗಲ್ಲ. ಹಬ್ಬದ ವಾರದಲ್ಲಿ ಕೊಡುವವರು ಬೇರೆ ಕಡಿಮೆ.

ಆಕೆ ಹೋದ ಮೇಲೆ ಲೆಕ್ಕ ಹಾಕಿದೆ. ಹಬ್ಬಕ್ಕೆ ಮೂರು ದಿನ ಅಂದರೆ ಎಲ್ಲರಿಗೂ ನೂರು ಕೆಲಸ. ಅಂಥ ದಿನ ಯಾರೋ ಒಬ್ಬರು ಬ್ಲಡ್ ಬ್ಯಾಂಕಿಗೆ ಬಂದು, ತೋಳು ಚಾಚಿ, ಸುಮಾರು ಎರಡು ಗಂಟೆ ಕುರ್ಚಿಯಲ್ಲಿ ಒರಗಿದ್ದಾರೆ. ಯಂತ್ರ ಅವರ ರಕ್ತ ಎಳೆದುಕೊಂಡು, ಪ್ಲೇಟ್‌ಲೆಟ್ ಮಾತ್ರ ಬೇರ್ಪಡಿಸಿ, ಉಳಿದದ್ದನ್ನು ವಾಪಸ್ ಬಿಟ್ಟಿದೆ. ನನ್ನ ಹೆಸರು ಅವರಿಗೆ ಗೊತ್ತಿಲ್ಲ. ನಾನು ಒಳ್ಳೆಯವನೋ ಕೆಟ್ಟವನೋ ಅದೂ ಗೊತ್ತಿಲ್ಲ. ಚೀಲ ಖಾಲಿಯಾಗಲು ಅರ್ಧ ಗಂಟೆಯೂ ಬೇಕಾಗಲಿಲ್ಲ. ಅಷ್ಟು ಹೊತ್ತು ಕೊಳವೆಯನ್ನೇ ನೋಡುತ್ತಾ ಮಲಗಿದ್ದೆ. ಅಳು ಬಂತು, ದುಃಖದ್ದಲ್ಲ.

ಅವತ್ತಿನಿಂದ ನೋಟ್‌ಬುಕ್ಕಿನ ಕ್ರಮ ಬದಲಾಯಿಸಿದೆ. ನನಗೆ ಏನನ್ನಿಸಿತು ಅನ್ನೋದನ್ನು ಬರೆಯಲ್ಲ. ಯಾರು ಏನು ಮಾಡಿದರು, ಅದು ಮಾತ್ರ. ‘ರಾತ್ರಿ 2:40. ಹಾಸಿಗೆ ಬಟ್ಟೆ ಬದಲಾಯಿಸಿದವರು ಮುಖ ಸಿಂಡರಿಸಲಿಲ್ಲ.’ ‘ಸೊಂಟದ ಮೂಳೆಯಿಂದ ಮಜ್ಜೆ ಎಳೆಯುವಾಗ ಹತ್ತು ಎಣಿಸಿ ಅಂದರು. ಏಳಕ್ಕೇ ಮುಗಿಸಿದರು.’ ಮೂರೇ ಬರೆಯಬೇಕು ಅನ್ನೋ ಹಟವನ್ನೂ ಬಿಟ್ಟೆ. ಕೆಲವು ದಿನ ಒಂದು, ಜ್ವರದ ದಿನ ಖಾಲಿ. ಕ್ಯಾನ್ಸರ್ ಬಂದದ್ದಕ್ಕೆ ಥ್ಯಾಂಕ್ಸ್ ಅಂತ ಮಾತ್ರ ಎಲ್ಲೂ ಬರೆದಿಲ್ಲ. ಬರೆಯೋದೂ ಇಲ್ಲ.

ದೇವರ ವಿಷಯ ಇಷ್ಟು ಸಲೀಸಾಗಿರಲಿಲ್ಲ. ನನಗೆ ಪ್ರಾರ್ಥನೆ ಮಾಡೋಕೇ ಆಗುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ‘ನಾನೇ ಯಾಕೆ’ ಅನ್ನೋ ಮಾತೇ ಮೇಲೆ ಬರುತ್ತಿತ್ತು. ಅಮ್ಮನಿಗೆ ಹಾಗೇ ಹೇಳಿಬಿಟ್ಟೆ. ಆಕೆ ಗಾಬರಿಯಾಗಲಿಲ್ಲ. ‘ನಿನ್ನ ಪಾಲಿಂದೂ ನಾನೇ ಮಾಡ್ತೀನಿ ಬಿಡು. ಏನು ಕೇಳ್ಲಿ, ಅದು ಹೇಳು’ ಅಂದಳು. ನ್ಯೂಟ್ರೋಫಿಲ್ 500 ದಾಟಬೇಕಮ್ಮ ಅಂದೆ. ಸೋಂಕು ತಡೆಯುವ ಬಿಳಿಕಣ ಅದು. ಅಮ್ಮ ಆ ಹೆಸರನ್ನು ನಾಲ್ಕು ಸಲ ತಪ್ಪಾಗಿ ಹೇಳಿ, ಕೊನೆಗೆ ‘ಐನೂರು’ ಅಂತಷ್ಟೇ ಇಟ್ಟುಕೊಂಡಳು. ದಿನಾ ಬೆಳಿಗ್ಗೆ ಫೋನ್: ‘ಐನೂರು ಆಯ್ತೇನೋ?’ ದೇವರಿಗೂ ಅಷ್ಟೇ ಹೇಳುತ್ತಿದ್ದಳಂತೆ, ಬರೀ ಐನೂರು. ಅವನಿಗೆ ಅರ್ಥ ಆಗಿರಬೇಕು ಬಿಡಿ.

22ನೇ ದಿನ 310. 24ನೇ ದಿನ 560. ಅದೇ ವಾರ ಪಕ್ಕದ ಕೋಣೆಯ ಹಾಸಿಗೆ ಒಂದು ಬೆಳಿಗ್ಗೆ ಖಾಲಿಯಾಗಿತ್ತು. ಅವರ ಮನೆಯವರು ನಮಗಿಂತ ಕಡಿಮೆ ಬೇಡಿಕೊಂಡಿರಲಿಲ್ಲ, ಕಾರಿಡಾರಿನಲ್ಲಿ ನಾನೇ ಕೇಳಿಸಿಕೊಂಡಿದ್ದೆ. ಹಾಗಾಗಿ ಪ್ರಾರ್ಥನೆಯಿಂದ ಕೌಂಟ್ ಏರಿತು ಅಂತ ನಾನು ಹೇಳಲಾರೆ. ನನಗೆ ನಂಬಲು ಆಗದ ದಿನಗಳಲ್ಲಿ ಅಮ್ಮನ ನಂಬಿಕೆಯನ್ನು ಕೈಸಾಲ ತೆಗೆದುಕೊಂಡಿದ್ದೆ, ಅಷ್ಟು ಹೇಳಬಲ್ಲೆ. ಈಗ ನಾನೂ ಕೂರುತ್ತೇನೆ. ಏನೂ ಕೇಳಲ್ಲ. ನೋಟ್‌ಬುಕ್ಕಿನ ಒಂದು ಪುಟ ಓದಿ ಏಳುತ್ತೇನೆ.

ಮುಂದಿನ ಪರೀಕ್ಷೆಯಲ್ಲಿ ಮಜ್ಜೆಯೊಳಗಿನ ಕೆಟ್ಟ ಕಣ ಶೇ 5ಕ್ಕಿಂತ ಕೆಳಗೆ ಬಂದಿತ್ತು. ರೆಮಿಷನ್ ಅಂದರು, ಅಂದರೆ ರೋಗ ಸದ್ಯಕ್ಕೆ ಹಿಡಿತಕ್ಕೆ ಬಂದಿದೆ ಅಂತ. ಅಲ್ಲಿಗೆ ಮುಗಿಯಲ್ಲ, ಮತ್ತೆ ಬರದಿರಲಿ ಅಂತ ದೊಡ್ಡ ಡೋಸಿನ ಸೈಟರಾಬಿನ್ ಕೊಡುತ್ತಾರೆ. ಅದು ಕಿರುಮೆದುಳಿಗೆ ತಾಗಬಹುದು. ಅದಕ್ಕೇ ಡೋಸ್ ಶುರು ಮಾಡೋ ಮುಂಚೆ ಬೆರಳಿಂದ ಮೂಗು ಮುಟ್ಟಿಸುತ್ತಾರೆ, ಒಂದು ವಾಕ್ಯ ಬರೆಸುತ್ತಾರೆ. ದಿನಾ ಅದೇ ವಾಕ್ಯ, ಅದೇ ಹಾಳೆಯಲ್ಲಿ, ಒಂದರ ಕೆಳಗೊಂದು. ಅಕ್ಷರ ಸೊಟ್ಟಗಾದರೆ ಔಷಧ ನಿಲ್ಲಿಸುತ್ತಾರೆ.

ಏನು ಬೇಕಾದರೂ ಬರೀಬಹುದು ಅಂದರು. ‘ಹಬ್ಬಕ್ಕೆ ಮೂರು ದಿನ ಇರುವಾಗ ಯಾರೋ ಬಂದು ಕೂತಿದ್ದರು’ ಅಂತ ಬರೆದೆ.

ನರ್ಸ್ ಹಾಳೆಯನ್ನು ಬೆಳಕಿಗೆ ಹಿಡಿದು, ಸಾಲಿನ ಮೇಲೆ ಬೆರಳಾಡಿಸುತ್ತಾ ನೋಡಿದರು. ‘ಯಾರು?’

‘ಗೊತ್ತಿಲ್ಲ.’

‘ಅಕ್ಷರ ನೆಟ್ಟಗಿದೆ’ ಅಂತ ಹೇಳಿ ಡ್ರಿಪ್ ಶುರು ಮಾಡಿದರು.