70 ಲಕ್ಷದ ಕಾರು: ಕರೆಂಟಾ, ಪೆಟ್ರೋಲಾ? ತೂಗಿ ನೋಡುವುದು ಹೀಗೆ

ಶೋರೂಮಿಗೆ ಹೋಗುವ ಮೊದಲು ನಿಮ್ಮ ಮನೆಯ ಬೇಸ್‌ಮೆಂಟ್‌ಗೆ ಇಳಿಯಿರಿ. ಕೈಯಲ್ಲೊಂದು ಅಳತೆ ಟೇಪು ಇರಲಿ. ದುಬಾರಿ ಎಲೆಕ್ಟ್ರಿಕ್ ಕಾರು ನಿಮಗೆ ಆಗಿಬರುತ್ತದಾ ಇಲ್ಲವಾ ಎನ್ನುವುದು ಅರ್ಧ ಅಲ್ಲೇ ಗೊತ್ತಾಗಿಬಿಡುತ್ತದೆ.

ಸುಮ್ನೆ ಗಾಳಿಯಲ್ಲಿ ಮಾತಾಡುವುದು ಬೇಡ, ಒಂದು ಜೋಡಿ ಇಟ್ಟುಕೊಳ್ಳೋಣ. ಒಂದೇ ಕಂಪನಿ ಬಿಎಂಡಬ್ಲ್ಯುವಿನ ಕರೆಂಟಿನ ಐ4 ಇಡ್ರೈವ್40 ಮತ್ತು ಪೆಟ್ರೋಲಿನ ಎಂ340ಐ. 2022ರಲ್ಲಿ ಎರಡರ ಎಕ್ಸ್-ಶೋರೂಂ ಬೆಲೆಯೂ ಹೆಚ್ಚುಕಡಿಮೆ 70 ಲಕ್ಷ ಇತ್ತು. ಬೇರೆ ಕಾರು ಮನಸ್ಸಿನಲ್ಲಿದ್ದರೆ ಇದೇ ಲೆಕ್ಕವನ್ನು ಅದಕ್ಕೆ ಹಾಕಿಕೊಳ್ಳಿ.

1. ಪಾರ್ಕಿಂಗ್ ಅಳೆಯಿರಿ

ಮೀಟರ್ ಬೋರ್ಡಿನಿಂದ ನಿಮ್ಮ ಪಾರ್ಕಿಂಗ್ ಜಾಗಕ್ಕೆ ಎಷ್ಟು ಮೀಟರ್ ವೈರ್ ಬೇಕು, ಟೇಪು ಹಿಡಿದು ನೋಡಿ. ಗೆಳೆಯನೊಬ್ಬನ ಅಪಾರ್ಟ್‌ಮೆಂಟಿನಲ್ಲಿ ನಾವು ಅಳೆದಾಗ 48 ಮೀಟರ್ ಬಂತು. ನಡುವೆ ಎರಡು ಗೋಡೆ, ಒಂದು ನೀರಿನ ಪೈಪು. ಚಾರ್ಜರ್‌ಗಿಂತ ವೈರಿಂಗ್ ಬಗ್ಗೆಯೇ ಎಲೆಕ್ಟ್ರಿಷಿಯನ್ ಜಾಸ್ತಿ ಹೊತ್ತು ಮಾತಾಡಿದ.

ಐ4 ಬ್ಯಾಟರಿಯಲ್ಲಿ ಬಳಸಲು ಸಿಗುವುದು ಸುಮಾರು 80 ಯೂನಿಟ್. 15 ಆಂಪ್ ಸಾಕೆಟ್‌ಗೆ ಸಿಕ್ಕಿಸಿದರೆ ಖಾಲಿ ಬ್ಯಾಟರಿ ತುಂಬಲು ಒಂದು ದಿನ ದಾಟುತ್ತದೆ. 7.4 ಕಿಲೋವ್ಯಾಟ್ ಗೋಡೆ ಚಾರ್ಜರ್‌ಗೆ 11–12 ಗಂಟೆ, ತ್ರೀ ಫೇಸ್ ಇದ್ದು 11 ಕಿಲೋವ್ಯಾಟ್ ಹಾಕಿಸಿದರೆ 8 ಗಂಟೆ. ಗಾಬರಿ ಬೇಡ, ದಿನಾ ಯಾರೂ ಖಾಲಿಯಿಂದ ತುಂಬಿಸುವುದಿಲ್ಲ. ದಿನಕ್ಕೆ 40 ಕಿ.ಮೀ. ಓಡಿಸಿದರೆ ಬೇಕಾಗುವುದು ಸುಮಾರು 8 ಯೂನಿಟ್. ಗೋಡೆ ಚಾರ್ಜರ್‌ನಲ್ಲಿ ಅದು ಒಂದೂಕಾಲು ಗಂಟೆಯ ಕೆಲಸ.

ಕರೆಂಟ್ ಬಿಲ್ಲಿನಲ್ಲಿ ಸ್ಯಾಂಕ್ಷನ್ ಲೋಡ್, ಅಂದರೆ ನಿಮ್ಮ ಮನೆಗೆ ಮಂಜೂರಾದ ಕರೆಂಟಿನ ಮಿತಿ, ಎಷ್ಟಿದೆ ನೋಡಿ. 3 ಕಿಲೋವ್ಯಾಟ್ ಇದ್ದರೆ ಸಾಲದು, ಹೆಚ್ಚಿಸಲು ಅರ್ಜಿ ಹಾಕಬೇಕು. ಅಸೋಸಿಯೇಶನ್ ಒಪ್ಪಿಗೆ ಬರಹದಲ್ಲೇ ಇರಲಿ. ಕಾರು ರಸ್ತೆ ಬದಿ ನಿಲ್ಲುತ್ತದೆ ಅಂದರೆ ಇಲ್ಲಿಗೇ ನಿಲ್ಲಿಸಿ, ಪೆಟ್ರೋಲ್ ಕಾರು ನೋಡಿ.

2. ತೆರಿಗೆ ಕೂಡಿಸಿ

ಎಲೆಕ್ಟ್ರಿಕ್ ಕಾರಿಗೆ ಜಿಎಸ್‌ಟಿ ಶೇ 5. ದೊಡ್ಡ ಪೆಟ್ರೋಲ್ ಕಾರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 40. ಅದು ಶೋರೂಂ ಬೆಲೆಯೊಳಗೇ ಸೇರಿರುತ್ತದೆ. ಬೇರೆಯಾಗಿ ಕಟ್ಟುವುದು ರಸ್ತೆ ತೆರಿಗೆ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಪೆಟ್ರೋಲ್ ಕಾರಿಗೆ ಶೇ 18, ಮೇಲೆ ಸೆಸ್. 25 ಲಕ್ಷ ಮೀರಿದ ಎಲೆಕ್ಟ್ರಿಕ್ ಕಾರಿಗೂ 2024ರಿಂದ ಶೇ 10 ಬಂದಿದೆ. ‘ಕರೆಂಟ್ ಕಾರಿಗೆ ಟ್ಯಾಕ್ಸೇ ಇಲ್ಲ’ ಎಂಬ ಹಳೇ ಮಾತನ್ನು ನಂಬಿ ಹೋಗಬೇಡಿ. 70 ಲಕ್ಷಕ್ಕೆ ಸೆಸ್ ಬಿಟ್ಟು 12.6 ಲಕ್ಷ ಒಂದು ಕಡೆ, 7 ಲಕ್ಷ ಇನ್ನೊಂದು ಕಡೆ.

3. ತಿಂಗಳ ಖರ್ಚು

ಪೆಟ್ರೋಲ್ ಲೀಟರಿಗೆ 100 ರೂಪಾಯಿ, ಸಿಟಿಯಲ್ಲಿ ಮೈಲೇಜು 8 ಎಂದಿಟ್ಟುಕೊಳ್ಳಿ. ಸಾವಿರ ಕಿ.ಮೀ.ಗೆ 12,500 ರೂಪಾಯಿ. ಕರೆಂಟ್ ಯೂನಿಟ್‌ಗೆ 7 ರೂಪಾಯಿ, ಯೂನಿಟ್‌ಗೆ 5 ಕಿ.ಮೀ., ಚಾರ್ಜಿಂಗಲ್ಲಿ ಸೋರುವುದಕ್ಕೆ ಶೇ 10 ಸೇರಿಸಿದರೂ 1,540. ಹೊರಗಿನ ಫಾಸ್ಟ್ ಚಾರ್ಜರ್‌ನಲ್ಲಿ ಯೂನಿಟ್‌ಗೆ 20 ರೂಪಾಯಿ ಅಂದರೆ ಅದೇ ಸಾವಿರ ಕಿ.ಮೀ.ಗೆ 4,400.

ಆದರೆ ಉಳಿತಾಯಕ್ಕೋಸ್ಕರ 70 ಲಕ್ಷದ ಕಾರು ಕೊಳ್ಳುತ್ತೇನೆ ಅನ್ನುವವರನ್ನು ಕಂಡರೆ ನನಗೆ ನಗು ಬರುತ್ತದೆ. ದುಬಾರಿ ಎಲೆಕ್ಟ್ರಿಕ್ ಕಾರಿನ ಸೆಕೆಂಡ್ ಹ್ಯಾಂಡ್ ಬೆಲೆ ಬೇಗ ಇಳಿಯುತ್ತದೆ. ಇಲ್ಲಿ ಉಳಿದದ್ದು ಅಲ್ಲಿ ಹೋಗಬಹುದು.

4. ನಿಮ್ಮ ಊರಿನ ದಾರಿ ಲೆಕ್ಕ ಹಾಕಿ

ಐ4ಗೆ ಕಂಪನಿ ಹೇಳುವ ರೇಂಜ್, ಅಂದರೆ ಒಂದು ಸಲ ಬ್ಯಾಟರಿ ತುಂಬಿಸಿದರೆ ಓಡುವ ದೂರ, 590 ಕಿ.ಮೀ.ವರೆಗೆ. ಹೈವೇ, ಎಸಿ, ನಾಲ್ಕು ಜನ ಅಂದರೆ ಲೆಕ್ಕಕ್ಕೆ 400 ಹಿಡಿಯಿರಿ. ಬೆಂಗಳೂರು–ಮಂಗಳೂರು ಸುಮಾರು 350 ಕಿ.ಮೀ. ಹೋಗುವಾಗ ಶಿರಾಡಿ ಘಾಟಿಯ ಇಳಿಜಾರು, ಆ್ಯಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಮೋಟರ್ ತಾನೇ ಕಾರು ಹಿಡಿದು ಬ್ಯಾಟರಿ ತುಂಬಿಸುತ್ತದೆ. ಪೆಟ್ರೋಲ್ ಕಾರಿನಲ್ಲಿ ಅದು ಬಹುಪಾಲು ಬಿಸಿಯಾಗಿ ಗಾಳಿಗೆ ಹೋಗುತ್ತದೆ.

ಬರುವಾಗ ಕಥೆ ಬೇರೆ. ಜನ, ಲಗೇಜು ಸೇರಿ 2.4 ಟನ್ ಭಾರವನ್ನು ಸಮುದ್ರದ ಮಟ್ಟದಿಂದ 900 ಮೀಟರ್ ಮೇಲಕ್ಕೆ ಎತ್ತಬೇಕು. ಅದಕ್ಕೇ 6–7 ಯೂನಿಟ್, ಅಂದರೆ 30 ಕಿ.ಮೀ. ರೇಂಜ್ ಹೋಯಿತು. ಹಾಸನದಲ್ಲಿ ಊಟಕ್ಕೆ ನಿಂತಾಗ ಚಾರ್ಜಿಗೂ ಹಾಕಿ. 60 ಕಿಲೋವ್ಯಾಟ್ ಚಾರ್ಜರ್ ಆದರೆ ಶೇ 10ರಿಂದ 80ಕ್ಕೆ ಸುಮಾರು ಒಂದು ಗಂಟೆ. ಒಂದೇ ಚಾರ್ಜರ್ ನೆಚ್ಚಿಕೊಂಡು ಮಾತ್ರ ಹೊರಡಬೇಡಿ. ಒಮ್ಮೆ ನಾವು ಹಾಗೆ ಹೋದೆವು. ಆ್ಯಪ್‌ನಲ್ಲಿ ಹಸಿರು ತೋರಿಸುತ್ತಿತ್ತು. ವಾಚ್‌ಮನ್ ಮಾತ್ರ ‘ನಿನ್ನೆಯಿಂದ ಕೆಟ್ಟಿದೆ ಸಾರ್’ ಎಂದ.

5. ಎರಡನ್ನೂ ಒಂದೇ ದಿನ ಓಡಿಸಿ

ಕಾಗದದ ಮೇಲೆ ಎಂ340ಐ ಗೆಲ್ಲುತ್ತದೆ. 374 ಕುದುರೆಶಕ್ತಿ, ಆರು ಸಿಲಿಂಡರ್, 100 ಕಿ.ಮೀ. ವೇಗಕ್ಕೆ 4.4 ಸೆಕೆಂಡ್. ಐ4ಗೆ 340 ಕುದುರೆಶಕ್ತಿ, 5.7 ಸೆಕೆಂಡ್. ಟಾಪ್ ಸ್ಪೀಡ್ 250ಕ್ಕೆ ಎದುರಾಗಿ 190. ಆದರೆ ರಿಂಗ್ ರೋಡಿನಲ್ಲಿ 100 ಎಲ್ಲಿ ಬಂತು, ಅಲ್ವಾ? ಸಿಗ್ನಲ್ ಬಿಟ್ಟಾಗ ಗೇರಿನ ಗೊಡವೆಯಿಲ್ಲದೆ ಮುನ್ನುಗ್ಗುವುದು ಐ4. ಘಾಟಿಯ ತಿರುವಿನಲ್ಲಿ ಹಗುರವಾಗಿ ಕುಣಿಯುವುದು, ಹತ್ತುವಾಗ ಮೈ ಜುಮ್ಮೆನ್ನುವ ಸದ್ದು ಮಾಡುವುದು ಎಂ340ಐ. ಆ ಸದ್ದಿಗೇ ದುಡ್ಡು ಕೊಡುವವರು ಐ4 ತನ್ನ ಸ್ಪೀಕರಿನಲ್ಲಿ ಹೊರಡಿಸುವ ನಕಲಿ ಸದ್ದು ಕೇಳಿ ಸಮಾಧಾನ ಪಡುವುದಿಲ್ಲ. ನಾನೂ ಆ ಪೈಕಿ.

ಟೆಸ್ಟ್ ಡ್ರೈವ್‌ಗೆ ಒಬ್ಬರೇ ಹೋಗಬೇಡಿ. ಹಿಂದಿನ ಸೀಟಿನಲ್ಲಿ ಅಪ್ಪ ಅಮ್ಮ ಕೂರಲಿ. ಕೆಳಗೆ ಬ್ಯಾಟರಿ ಇರುವುದರಿಂದ ನೆಲ ಎತ್ತರ, ಮಂಡಿ ಮೇಲೆ ಬರುತ್ತದೆ. ಅವರನ್ನು ಕೂರಿಸಿಕೊಂಡೇ ನಿಮ್ಮ ಬೀದಿಯ ಹಂಪ್ ದಾಟಿಸಿ, ತಳ ಉಜ್ಜುತ್ತದಾ ಕೇಳಿಸಿಕೊಳ್ಳಿ. ಸ್ಟೆಪ್ನಿ ಇದೆಯಾ ಅಂತಲೂ ವಿಚಾರಿಸಿ.

6. ಬರೆಸಿಕೊಳ್ಳಿ

ಐ4 ಬ್ಯಾಟರಿಗೆ ವಾರಂಟಿ 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ಹಂಪಿಗೆ, ಕಲ್ಲಿಗೆ ತಳ ತಾಗಿ ಬ್ಯಾಟರಿ ಪೆಟ್ಟಿಗೆ ಜಜ್ಜಿದರೆ ಅದು ವಾರಂಟಿಗೆ ಬರುತ್ತದಾ, ಇನ್ಶೂರೆನ್ಸಿಗೆ ಬರುತ್ತದಾ? ಸೇಲ್ಸ್ ಹುಡುಗ ‘ಎಲ್ಲ ಕವರ್ ಆಗುತ್ತೆ ಸಾರ್’ ಅನ್ನುತ್ತಾನೆ. ಪಾಲಿಸಿಯ ಯಾವ ಸಾಲಿನಲ್ಲಿದೆ ತೋರಿಸಪ್ಪ ಅನ್ನಿ. ತೋರಿಸುವವರೆಗೆ ಟೋಕನ್ ಹಣ ಜೇಬಿನಲ್ಲೇ ಇರಲಿ.