ಎಸಿ ತಂಪು ಮಾಡ್ತಿಲ್ವಾ? ಗ್ಯಾಸ್ ತುಂಬಿಸುವ ಮೊದಲು ಇಷ್ಟು ನೋಡಿ

ಏಪ್ರಿಲ್‌–ಮೇ ತಿಂಗಳಲ್ಲಿ ಕಲಬುರಗಿ, ರಾಯಚೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಎಸಿ ಕೈಕೊಡುವುದೂ ಆಗಲೇ. ಮೆಕ್ಯಾನಿಕ್ ಬಂದವರು ಮುಚ್ಚಳ ತೆಗೆಯುವ ಮೊದಲೇ ‘ಗ್ಯಾಸ್ ಖಾಲಿ ಸಾರ್’ ಅನ್ನುವುದುಂಟು. ಅದೇನು ಅಡುಗೆ ಸಿಲಿಂಡರಾ, ಉರಿದು ಖಾಲಿಯಾಗಲು? ಎಸಿಯಲ್ಲಿ ಒಮ್ಮೆ ತುಂಬಿದ ತಂಪು ಮಾಡುವ ಗ್ಯಾಸೇ ಮುಚ್ಚಿದ ಪೈಪಿನೊಳಗೆ ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ಕಡಿಮೆಯಾಗಿದ್ದರೆ ಎಲ್ಲೋ ಸೋರುತ್ತಿದೆ ಎಂದರ್ಥ.

ಮೊದಲು ರಿಮೋಟ್ ನೋಡಿ. ಮಕ್ಕಳು ಒತ್ತಿ ಒತ್ತಿ ಫ್ಯಾನ್ ಮೋಡ್‌ಗೆ ಹಾಕಿರುತ್ತಾರೆ. ಹಿಮದ ಹರಳಿನ ಗುರುತು ಇದ್ದರೆ ಕೂಲ್ ಮೋಡ್.

ಆಮೇಲೆ ಫಿಲ್ಟರ್. ಮೇನ್ ಸ್ವಿಚ್ ಆಫ್ ಮಾಡಿ, ಒಳಗಿನ ಯೂನಿಟ್‌ನ ಮುಂದಿನ ಮುಚ್ಚಳ ಎತ್ತಿ. ಜಾಳಿಗೆಯಂಥ ಫಿಲ್ಟರ್‌ಗಳನ್ನು ಮೆಲ್ಲಗೆ ಎಳೆದು ಕಿಟಕಿಯ ಬೆಳಕಿಗೆ ಹಿಡಿಯಿರಿ. ಕಳೆದ ಬೇಸಿಗೆಯಲ್ಲಿ ನಮ್ಮನೆ ಫಿಲ್ಟರ್ ಹಿಡಿದರೆ ಬೆಳಕೇ ಕಾಣಲಿಲ್ಲ, ಕಂಬಳಿ ಹೊದ್ದಂತೆ ಧೂಳು! ಗ್ಯಾಸಿಗೆ ದುಡ್ಡು ಕೊಡುವುದೊಂದು ಬಾಕಿ ಇತ್ತು. ನಲ್ಲಿ ನೀರಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ ಹಾಕಿದೆ, ಸರಿಹೋಯಿತು. ಬೇಸಿಗೆಯಲ್ಲಿ 15 ದಿನಕ್ಕೊಮ್ಮೆ ತೊಳೆದರೆ ಒಳ್ಳೆಯದು. ಬಿಸಿನೀರು ಬೇಡ, ಫಿಲ್ಟರ್ ಸೊಟ್ಟಗಾಗುತ್ತದೆ.

ಫಿಲ್ಟರ್ ಕಟ್ಟಿಕೊಂಡರೆ ಒಳಗಿನ ಕಾಯಿಲ್‌ಗೆ (ಗಾಳಿಯನ್ನು ತಂಪು ಮಾಡುವ ಪೈಪಿನ ಸುರುಳಿ) ಗಾಳಿ ಸಾಲದೆ ಐಸ್ ಕಟ್ಟುತ್ತದೆ. ಅದನ್ನು ಚಾಕು, ಸ್ಕ್ರೂಡ್ರೈವರ್ ಹಾಕಿ ಕೆರೆಯಬೇಡಿ, ಪೈಪ್ ತೂತಾದರೆ ಕಥೆ ಮುಗಿಯಿತು. ಎಸಿ ಆಫ್ ಮಾಡಿ, ಕೆಲವು ಗಂಟೆ ತಾನಾಗಿ ಕರಗಲು ಬಿಡಿ. ಫಿಲ್ಟರ್ ಶುಚಿಯಾಗಿದ್ದೂ ಮತ್ತೆ ಐಸ್ ಕಟ್ಟಿದರೆ ಆಗ ಗ್ಯಾಸ್ ಸೋರಿಕೆಯ ಅನುಮಾನ ಪಡಿ.

ಗೋಡೆ ಮೇಲೆ ನೀರು ಸುರಿಯುತ್ತಿದೆಯಾ? ಡ್ರೇನ್ ಪೈಪಲ್ಲಿ ಧೂಳು, ಪಾಚಿ ಕಟ್ಟಿರಬಹುದು. ಹೊರಗೆ ಬಕೆಟ್ ಇಟ್ಟು ನೀರು ಹಿಡಿಯುವ ಅಭ್ಯಾಸವಿದ್ದರೆ ಅದನ್ನೂ ನೋಡಿ. ಬಕೆಟ್ ತುಂಬಿ ಪೈಪಿನ ತುದಿ ಮುಳುಗಿದರೂ ನೀರು ಸರಾಗವಾಗಿ ಇಳಿಯದೆ ಒಳಗೇ ಉಕ್ಕುತ್ತದೆ.

ಹೊರಗಿನ ಯೂನಿಟ್ ‘ಗುಂಯ್’ ಎನ್ನುತ್ತದೆ, ಫ್ಯಾನ್ ಮಾತ್ರ ತಿರುಗುವುದಿಲ್ಲ ಅಂದರೆ ಸಾಮಾನ್ಯವಾಗಿ ಫ್ಯಾನ್ ತಿರುಗಲು ಒತ್ತು ಕೊಡುವ ಕೆಪಾಸಿಟರ್ ಹೋಗಿರುತ್ತದೆ. ಸ್ವಿಚ್ ಆಫ್ ಆದ ಮೇಲೂ ಅದರಲ್ಲಿ ಕರೆಂಟ್ ಉಳಿದಿರುತ್ತದೆ. ನೀವು ಕೈ ಹಾಕಬೇಡಿ. ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಪದೇ ಪದೇ ಬೀಳುತ್ತಿದ್ದರೂ ಅಷ್ಟೇ, ಸುಮ್ನೆ ಎತ್ತಿ ಎತ್ತಿ ನೋಡಬೇಡಿ.

ಇಷ್ಟಾಗಿಯೂ ಗ್ಯಾಸೇ ಬೇಕು ಅಂದರೆ, ಮೊದಲು ಸೋರುವ ಜಾಗ ತೋರಿಸಲು ಹೇಳಿ. ಪೈಪಿನ ಜಾಯಿಂಟ್‌ಗೆ ಸೋಪಿನ ನೊರೆ ಹಚ್ಚಿದರೆ ಸೋರುವಲ್ಲಿ ಗುಳ್ಳೆ ಏಳುತ್ತದೆ. ಅದನ್ನು ಮುಚ್ಚಿ, ವ್ಯಾಕ್ಯೂಮ್ ಪಂಪ್‌ನಿಂದ ಪೈಪಿನೊಳಗಿನ ಗಾಳಿ, ತೇವ ತೆಗೆದ ಮೇಲೆಯೇ ತುಂಬಬೇಕು. ಯಾವ ಗ್ಯಾಸ್, ಎಷ್ಟು ತೂಕ ಅನ್ನುವುದು ಹೊರಗಿನ ಯೂನಿಟ್‌ಗೆ ಅಂಟಿಸಿದ ಪಟ್ಟಿಯಲ್ಲೇ ಇರುತ್ತದೆ. ‘ತಕ್ಕಡಿ ತಂದಿದ್ದೀರಾ?’ ಅಂತ ಒಂದು ಮಾತು ಕೇಳಿ ನೋಡಿ.