ಅಜ್ಜಿಯ ಕಾಲದ ವಜ್ರದುಂಗುರದ ವಯಸ್ಸು ತಿಳಿಯಬೇಕಿದ್ದರೆ

ಕೊಡಗಿನ ಹಳೆಯ ಮನೆಗಳಲ್ಲಿ, ಅದರಲ್ಲೂ ಬ್ರಿಟಿಷ್ ತೋಟಗಾರರೊಡನೆ ಒಡನಾಟವಿದ್ದ ಕುಟುಂಬಗಳಲ್ಲಿ, ಹಳೆಯ ವಜ್ರದುಂಗುರಗಳು ಇನ್ನೂ ಉಳಿದಿರಬಹುದು. ಅಂಥದ್ದು ಕೈಗೆ ಬಂದರೆ ಮೊದಲು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಿಂದ ಉಂಗುರದ ಒಳಮೈಯನ್ನು ನೋಡಿ. ಹೊಳಪು ಕೊಡಿಸುವ ಯೋಚನೆ ಆಮೇಲಿರಲಿ. ವಿರಾಜಪೇಟೆಯಲ್ಲಿ ನಮ್ಮ ಉಂಗುರಕ್ಕೆ ಪಾಲಿಶ್ ಮಾಡಿಸಿದಾಗ ಒಳಮೈಯಲ್ಲಿದ್ದ ಮುದ್ರೆಯ (ಚಿನ್ನದ ಶುದ್ಧತೆ ಸಾರುವ ಹಾಲ್‌ಮಾರ್ಕ್) ಅರ್ಧ ಭಾಗ ಸವೆದುಹೋಯಿತು, ಉಳಿದದ್ದು ಒಂದು ಲಂಗರು ಮತ್ತು '15' ಎಂಬ ಅಂಕಿ ಮಾತ್ರ.

ಅದೃಷ್ಟಕ್ಕೆ ಅಷ್ಟೇ ಸಾಕಾಯಿತು. ಲಂಗರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಚಿನ್ನದ ಶುದ್ಧತೆ ಪರೀಕ್ಷಿಸಿ ಮುದ್ರೆ ಹಾಕುವ ಪರೀಕ್ಷಾಲಯದ ಗುರುತು. ಬ್ರಿಟನ್ನಿನಲ್ಲಿ 15 ಕ್ಯಾರಟ್ ಚಿನ್ನಕ್ಕೆ ಮುದ್ರೆ ಹಾಕುತ್ತಿದ್ದುದು 1854ರಿಂದ 1932ರವರೆಗೆ ಮಾತ್ರ. ಚಿರತೆಯ ತಲೆಯಿದ್ದರೆ ಲಂಡನ್. ಜೊತೆಗಿರುವ ಒಂಟಿ ಅಕ್ಷರ ಅಳಿಯದೆ ಉಳಿದಿದ್ದರೆ, ಆಯಾ ಪರೀಕ್ಷಾಲಯದ ವರ್ಷಾಕ್ಷರಗಳ ಪಟ್ಟಿಯೊಡನೆ ಹೋಲಿಸಿ ವರ್ಷವನ್ನೂ ಹೇಳಬಹುದು. ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ (ಭಾರತದ ಹಾಲ್‌ಮಾರ್ಕಿನಲ್ಲಿ ಪ್ರತಿ ಒಡವೆಗೂ ಕೊಡುವ ಬೇರೆಬೇರೆ ಗುರುತಿನ ಸಂಖ್ಯೆ) ಕಂಡರೆ, ಆ ಮುದ್ರೆ 2021ರ ಈಚಿನದು.

ಮುದ್ರೆಯೇ ಇಲ್ಲದಿದ್ದರೆ ಕಲ್ಲಿನ ಕಟಾವು ನೋಡಬೇಕು. ತಳ ಚಪ್ಪಟೆಯಾಗಿ, ಮೇಲ್ಭಾಗ ಮಾತ್ರ ಮುಖಗಳಿಂದ ಉಬ್ಬಿದ್ದರೆ ರೋಸ್ ಕಟ್. ದಿಂಬಿನಾಕಾರದಲ್ಲಿ ಎತ್ತರವಾಗಿದ್ದರೆ ಓಲ್ಡ್ ಮೈನ್ ಕಟ್. ದುಂಡಗಿದ್ದು ನೇರ ಮೇಲಿನಿಂದ ನೋಡಿದಾಗ ನಡುವೆ ಸಣ್ಣ ವೃತ್ತವೊಂದು ಕಂಡರೆ ಬಹುಮಟ್ಟಿಗೆ ಓಲ್ಡ್ ಯುರೋಪಿಯನ್ ಕಟ್, ಅಂದರೆ 1930ಕ್ಕಿಂತ ಮೊದಲಿನದು. ಆದರೆ ಹಳೆಯ ಕಲ್ಲನ್ನು ಹೊಸ ಉಂಗುರಕ್ಕೆ ಕೂರಿಸುವುದು ನಮ್ಮಲ್ಲಿ ಮಾಮೂಲಿಯಾದ್ದರಿಂದ, ಕಲ್ಲಿನ ವಯಸ್ಸನ್ನೂ ಚಿನ್ನದ ವಯಸ್ಸನ್ನೂ ಬೇರೆಬೇರೆಯಾಗಿಯೇ ಬರೆದಿಟ್ಟುಕೊಳ್ಳಿ.